ಸೀರೆಯ ಇನ್ನೊಂದು ತುದಿ

ನಮ್ಮ ಅತ್ತೆ ತಮ್ಮ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಸಿಟ್ಟು ಸೆಡವು ಏನೂ ಇಲ್ಲ, ಮರ್ಯಾದೆ. ಮಗಳನ್ನು, ಎಂದರೆ ನನ್ನ ನಾದಿನಿಯನ್ನು, ಹತ್ತರಗಿಗೆ ಕೊಟ್ಟು ಆಗ ವರ್ಷ ಕಳೆದಿತ್ತು. ಅಳಿಯ ಮೂಡಲಗಿಯ ನಮ್ಮ ಮನೆಗೆ ಬಂದರೆ ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು.

"ಅವರಿಗೆ ಕೇಳು, ಚಾ ಕುಡೀತಾರೇನ?" ಎಂದು ನನಗೆ ಹೇಳುವರು.

ಪಡಸಾಲೆಯಲ್ಲಿ ಕೂತ ಅಳಿಯನಿಗೆ ಅದು ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಕೇಳುವವರೆಗೆ ಅವರು ಬಾಯಿ ತೆರೆಯುತ್ತಿರಲಿಲ್ಲ.

"ಅತ್ತಿಯವರಿಗೆ ಹೇಳ್ರಿ ಅಕ್ಕಾ, ಅರ್ಧಾ ಕಪ್ಪು ಸಾಕು."

ನಾನು ತಿರುಗಿ ಬಂದು ಅರ್ಧ ಕಪ್ಪು ಎನ್ನುವಷ್ಟರಲ್ಲಿ ಅತ್ತೆ ಅರ್ಧ ಕಪ್ಪೇ ಸೋಸಿಟ್ಟಿರುತ್ತಿದ್ದರು. ನನ್ನ ಗಂಡ ನನ್ನನ್ನು "ನಮ್ಮನಿ ಟೆಲಿಫೋನ್ ಆಫೀಸು" ಎಂದು ಚೇಷ್ಟೆ ಮಾಡುತ್ತಿದ್ದರು. ಈಗ ಇಷ್ಟೆಲ್ಲ ಯಾರೂ ಪಾಲಿಸುವುದಿಲ್ಲ. ನಮ್ಮ ಓಣಿಯಲ್ಲೇ ಅತ್ತೆಯಂದಿರು ಅಳಿಯಂದಿರ ಗಾಡಿಯ ಹಿಂದೆ ಕೂತು ಸಂತೆಗೆ ಹೋಗುತ್ತಾರೆ. ನಮ್ಮ ಅತ್ತೆ ಮಾತ್ರ ಮೇಲವಂಕಿಯ ತವರಿನಲ್ಲಿ ತಮ್ಮ ಅವ್ವ ಹೇಗಿದ್ದರೋ ಹಾಗೆಯೇ ಇದ್ದರು. ಅಳಿಯನ ಎದುರು ಊಟಕ್ಕೂ ಕೂರುತ್ತಿರಲಿಲ್ಲ. ಆತ ಉಂಡು ಎದ್ದು ಹೊರಗೆ ಹೋದ ಮೇಲೆಯೇ ತಮ್ಮ ತಾಟು ತೆಗೆದುಕೊಳ್ಳುತ್ತಿದ್ದರು.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು. ನಗುವಂಥದ್ದು ಎಂದುಕೊಂಡಿದ್ದೆ. ನನ್ನೊಳಗೂ ಅದೇ ಮರ್ಯಾದೆ ಇತ್ತು ಎಂಬುದು ಆಗ ಗೊತ್ತಿರಲಿಲ್ಲ.

ಆ ದಿನ ಹೊರಟದ್ದು ನಾದಿನಿಯನ್ನು ಹತ್ತರಗಿಗೆ ಬಿಟ್ಟುಬರುವುದಕ್ಕೆ. ಅವಳಿಗೆ ಐದು ತಿಂಗಳಾಗಿತ್ತು. ಕೆಲವು ದಿನ ತವರಲ್ಲಿ ಇದ್ದು ಗಂಡನ ಮನೆಗೆ ಹೋಗಿ, ಮತ್ತೆ ಕುಬುಸದ ಕಾರ್ಯಕ್ಕೆ, ಎಂದರೆ ಸೀಮಂತಕ್ಕೆ, ಬರುವವಳಿದ್ದಳು. ಕರೆದುಕೊಂಡು ಹೋಗಲು ಅಳಿಯ ಬಂದಿದ್ದರು. ನನ್ನ ಗಂಡ ಕಾರು ತೆಗೆದರು. ಹೇಗೂ ಗೋಕಾಕದ ಮೇಲೆ ಹಾಯ್ದು ಹೋಗುವುದು, ಗೊಡಚಿನಮಲ್ಕಿಯ ಕೊಳ್ಳ, ಜಲಪಾತ ನೋಡಿಕೊಂಡು ಹೋಗೋಣ ಎಂದದ್ದು ನಾನೇ. ನಾನು ಮೂಡಲಗಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಹುಡುಗಿಯರು ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ ಅಲ್ಲಿಗೆ ಹೋಗಿಬಂದು ಫೋಟೊ ತೋರಿಸುತ್ತಾರೆ. ಇಷ್ಟು ಹತ್ತಿರ ಇದ್ದೂ ನಾನು ನೋಡಿರಲಿಲ್ಲ. ಅತ್ತೆ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಸ್ಟೀಲ್ ಡಬ್ಬಿಯಲ್ಲಿ ಮೊಸರು ಕಟ್ಟಿದ್ದರು. ಗೋಕಾಕದಲ್ಲಿ ಬೀಗರಿಗೆಂದು ಕೊಂಡ ಕರದಂಟನ್ನು ನಾದಿನಿ ದಾರಿಯಲ್ಲೇ ಬಿಚ್ಚಿ ತಿನ್ನತೊಡಗಿದಳು.

"ಅತ್ತಿ ಮನಿಗೆ ಖಾಲಿ ಡಬ್ಬಿ ಕೊಡ್ತಿಯೇನ?" ಎಂದರು ನನ್ನ ಗಂಡ.

"ಹೊಟ್ಯಾಗಿರೋದು ಅವರ ಮೊಮ್ಮಗನ. ಅವನೇ ತಿಂದ ಅಂತ ಹೇಳ್ತೇನಿ."

ಕಾರು ಕೊಳ್ಳದ ಮೇಲ್ಭಾಗದವರೆಗೆ ಹೋಗುತ್ತದೆ. ಅಲ್ಲಿಂದ ಕೆಳಗೆ ಕಲ್ಲುಹಾದಿ. ನಾದಿನಿ ಇಳಿಯುವಂತಿರಲಿಲ್ಲ, ಅವಳ ಜೊತೆ ನನ್ನ ಗಂಡ ನಿಂತರು. ನನಗೆ ಇಳಿಯುವ ಆಸೆ. ಅಳಿಯನಿಗೂ ಆಸೆ. ಆದರೆ ನಾವಿಬ್ಬರೇ ಹೋಗುವುದು ಹೇಗೆ? ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರೂ ಒಂದಿಷ್ಟು ಹೊತ್ತು ಸುಮ್ಮನೆ ಮಂಗಗಳನ್ನು ನೋಡುತ್ತ ನಿಂತೆವು. ಆಮೇಲೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬುತ್ತಿಯ ಗಂಟು ಎತ್ತಿದರು.

"ನಡೀರಿ, ನಾನೂ ಬರ್ತೇನಿ."

"ಅವ್ವಾ, ನಿನ್ನ ಮೊಣಕಾಲು?" ಎಂದಳು ನಾದಿನಿ.

"ಕುಂತ್ರ ನೋಯ್ತಾವ. ನಡದ್ರ ಸುಮ್ಮನ ಇರ್ತಾವ."

ಹಾಗೆ ಮೂವರು ಹೊರಟೆವು. ಮುಂದೆ ಅಳಿಯ, ನಡುವೆ ನಾನು, ಹಿಂದೆ ಅತ್ತೆ. ಹಾದಿ ಕೊಳ್ಳದ ಗೋಡೆಯನ್ನು ತಬ್ಬಿಕೊಂಡು ಇಳಿಯುತ್ತಿತ್ತು. ಒಂದು ಬದಿಗೆ ರೊಟ್ಟಿ ಒಟ್ಟಿದ ಹಾಗೆ ಪದರು ಪದರಾದ ಬಂಡೆ, ಇನ್ನೊಂದು ಬದಿಗೆ ಆಳದಲ್ಲಿ ಮಾರ್ಕಂಡೇಯ ಹೊಳೆ. ಬಂಡೆಯ ಸೀಳಿನಿಂದ ಸೀತಾಫಲದ ಗಿಡಗಳು ಬಾಗಿದ್ದವು, ಕಾಯಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಎಲ್ಲಿಯೂ ಒಂದು ಮೋಡವಿಲ್ಲ. ತಿರುವಿಗೊಂದು ಸಲ ಧಬಧಬೆಯ ಸದ್ದು ಹತ್ತಿರವಾಗಿ, ಮತ್ತೆ ಬಂಡೆಯ ಹಿಂದೆ ಹೋಗಿ, ಮತ್ತೆ ಬರುತ್ತಿತ್ತು.

"ಅವರಿಗೆ ಹೇಳು, ಕಲ್ಲ ಮ್ಯಾಲ ಪಾಚಿ ಐತಿ."

"ಅಣ್ಣಾರ, ಪಾಚಿ ಐತಂತ."

"ಹೂಂ ಅಂದ್ರು ಅಂತ ಹೇಳ್ರಿ ಅಕ್ಕಾ."

"ಹೂಂ ಅಂದ್ರು ಅತ್ತೀ."

ನನಗೆ ನಗು ತಡೆಯಲಾಗುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಅಳಿಯನ ಭುಜವೂ ಅಲ್ಲಾಡುತ್ತಿತ್ತು. ಹಿಂದೆ ಅತ್ತೆಯೂ ಸೆರಗಿನೊಳಗೆ ನಕ್ಕಿರಬೇಕು.

ಗೊಡಚಿನಮಲ್ಕಿಯಲ್ಲಿ ನೀರು ಎರಡು ಸಲ ಧುಮುಕುತ್ತದೆ. ಮೊದಲು ಮೇಲಿನ ಧಬಧಬೆ. ಅಲ್ಲಿಂದ ಇಳಿದ ಹೊಳೆ ಅಗಲವಾದ ಚಪ್ಪಡಿಗಳ ಮೇಲೆ ಹರಡಿಕೊಂಡು, ಸಣ್ಣ ಸಣ್ಣ ಕಾಲುವೆಯಾಗಿ ಒಡೆದು, ಮುಂದೆ ಒಂದೆಡೆ ಕೂಡಿ ಎರಡನೆಯ ಸಲ ಕೊಳ್ಳದೊಳಕ್ಕೆ ಬೀಳುತ್ತದೆ. ನಾವು ಹೋಗಿ ನಿಂತದ್ದು ಆ ಎರಡರ ನಡುವಿನ ಚಪ್ಪಡಿಯ ಮೇಲೆ. ಮೇಲಿನಿಂದ ತುಂತುರು ಹಾರಿ ಬಂದು ಮುಖಕ್ಕೆ ತಾಗುತ್ತಿತ್ತು. ಆಚೆ ದಂಡೆಯಲ್ಲಿ, ಸಾಕಷ್ಟು ಎತ್ತರದಲ್ಲಿ, ಮೂವರು ಗಂಡಸರು ಬಂಡೆಯ ಮೇಲೆ ಕೂತಿದ್ದರು. ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅತ್ತೆ ಬುತ್ತಿ ಬಿಚ್ಚಿದರು. ಅಳಿಯನ ಪಾಲನ್ನು ಬೇರೆ ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು, ನಾನು ಅವರಿಗೆ ಕೊಟ್ಟೆ. ಅಳಿಯ ಸುತ್ತಲೂ ನೋಡಿದರು. ಅಡಗಿ ಕೂರಲು ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ. ತಾವು ಎದುರಿಗಿದ್ದರೆ ಅತ್ತೆ ಉಪವಾಸ ಕೂರುತ್ತಾರೆಂದು ಅವರಿಗೆ ಗೊತ್ತು. ಪ್ಯಾಂಟು ಮಡಚಿ, ಪಾದ ಮುಳುಗುವಷ್ಟೇ ನೀರಿದ್ದ ಒಂದು ಕಾಲುವೆ ದಾಟಿ, ಹೊಳೆಯ ನಡುವಿನ ಚಪ್ಪಡಿಗೆ ಹೋದರು.

"ಅತ್ತಿಯವರಿಗೆ ಆರಾಮ ಉಣ್ಣಾಕ ಹೇಳ್ರಿ ಅಕ್ಕಾ," ಎಂದು ಕೂಗಿ, ನಮಗೆ ಬೆನ್ನು ಮಾಡಿ, ಕೆಳಗಿನ ಕೊಳ್ಳದ ಕಡೆ ಮುಖ ಮಾಡಿ ಕೂತರು.

ಬೆನ್ನು ಕಂಡ ಮೇಲೆ ಅತ್ತೆ ಸೆರಗು ಸರಿಸಿ ರೊಟ್ಟಿ ಮುರಿದರು.

ನಾವು ಉಣ್ಣುತ್ತಿದ್ದಾಗ ನೀರಿನ ಮೇಲೆ ಒಣಗಿದ ಕಡ್ಡಿ, ಎಲೆ ತೇಲಿ ಬಂದವು. ನಾನು ನೋಡಿದೆ. ಚೆಂದ ಕಂಡಿತು. ಆಮೇಲೆ ಬೆಳ್ಳಗಿದ್ದ ನೊರೆ ಚಹದ ಬಣ್ಣಕ್ಕೆ ತಿರುಗಿತು. ಅತ್ತೆಯ ಕೈ ಬಾಯಿಯ ಹತ್ತಿರ ನಿಂತಿತು.

"ನೀರು ಹೆಚ್ಚಾಗಾಕತ್ತೈತಿ. ಅವರಿಗೆ ಎದ್ದು ಬರಾಕ ಹೇಳು."

ಎದ್ದು ನಿಂತು ಕೂಗಿದೆ. ಧಬಧಬೆಯ ಸದ್ದು ಆಗಲೇ ಬೇರೆಯಾಗಿತ್ತು, ನನ್ನ ದನಿ ನನಗೇ ಕೇಳಿಸಲಿಲ್ಲ. ಕೈ ಬೀಸಿದೆ. ಬೆನ್ನು ಮಾಡಿ ಕೂತವರಿಗೆ ಕೈ ಕಾಣುವುದು ಹೇಗೆ? ಅತ್ತೆಯ ಊಟವಾಯಿತೆಂದು ನಾವು ಹೇಳುವವರೆಗೆ ಅವರು ಹೊರಳುವವರಲ್ಲ. ಒಂದು ಕಲ್ಲು ಎಸೆದೆ, ಅದು ದೂರ ಬಿತ್ತು. ನೀರು ಅವರು ಕೂತ ಜಾಗಕ್ಕೆ ತಾಗಿದಾಗಲೇ ಅವರು ಎದ್ದದ್ದು.

ಆ ಹೊತ್ತಿಗೆ ಪಾದ ಮುಳುಗುವಷ್ಟಿದ್ದ ಕಾಲುವೆ ಅವರ ತೊಡೆಯವರೆಗೆ ಬಂದಿತ್ತು. ಅವರು ಒಂದು ಕಾಲಿಟ್ಟು ನೋಡಿದರು, ತೆಗೆದರು. ಇನ್ನೊಂದು ಕಡೆ ನೋಡಿದರು. ಅಲ್ಲಿ ಇನ್ನೂ ಹೆಚ್ಚಿತ್ತು. ಮತ್ತೆ ಇಳಿದರು. ಎರಡನೆಯ ಹೆಜ್ಜೆಗೆ ಕಾಲು ಜಾರಿತು. ಹೊಳೆ ಅವರನ್ನು ಎತ್ತಿಕೊಂಡು ಒಂದಿಷ್ಟು ಕೆಳಗೆ ಒಯ್ದು, ಎದ್ದು ನಿಂತಿದ್ದ ಒಂದು ಬಂಡೆಗೆ ಬಡಿಯಿತು. ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದರು. ಅದರಾಚೆ ನೀರೆಲ್ಲ ಕೂಡಿ ಕೊಳ್ಳಕ್ಕೆ ಬೀಳುವ ಅಂಚು. ಬಂಡೆಗೂ ನಮ್ಮ ದಂಡೆಗೂ ನಡುವಿನ ದೂರ ನಮ್ಮ ಪಡಸಾಲೆಯಷ್ಟೇ.

ನಾನು ಏನು ಮಾಡಿದೆ ಎಂದು ಎಷ್ಟು ಸಲ ನೆನೆದರೂ ಆ ಹೊತ್ತು ಖಾಲಿಯಾಗಿ ಸಿಗುತ್ತದೆ. ಅತ್ತೆ ನೆರಿಗೆಗೆ ಕೈ ಹಾಕಿದ್ದು ಕಂಡಿತು. ಗಿರಗಿರ ತಿರುಗಿದರು. ಸೀರೆ ಅವರ ಕಾಲ ಬಳಿ ರಾಶಿ ಬಿತ್ತು. ದಪ್ಪ ಹತ್ತಿಯ ದೊಡ್ಡ ಸೀರೆ, ಇಲಕಲ್ಲಿನದು. ಲಂಗ, ಕುಬುಸದಲ್ಲಿ ನಿಂತ ಅತ್ತೆಯನ್ನು ನಾನು ಮದುವೆಯಾಗಿ ಬಂದಂದಿನಿಂದ ನೋಡಿರಲಿಲ್ಲ. ಮನೆಯಲ್ಲಿ, ಹೆಂಗಸರೇ ಇದ್ದಾಗಲೂ, ನೋಡಿರಲಿಲ್ಲ.

ಮೊದಲ ಸಲ ಎಸೆದದ್ದು ಅಳಿಯನ ಭುಜದ ಹತ್ತಿರವೇ ಬಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಅವರು ತಲೆಯೆತ್ತಿ ನೋಡಿದರು. ಅತ್ತೆ ಹಾಗೆ ನಿಂತದ್ದು ಕಣ್ಣಿಗೆ ಬಿದ್ದ ಕೂಡಲೇ ಮುಖ ಆಚೆ ತಿರುಗಿಸಿಬಿಟ್ಟರು. ಕುತ್ತಿಗೆಯವರೆಗೆ ಹೊಳೆ, ಹಿಂದೆ ಕೊಳ್ಳ, ಅವರು ಮುಖ ತಿರುಗಿಸಿದರು. ಸೀರೆ ನೀರಿನ ಸೆಳೆತಕ್ಕೆ ಸಿಕ್ಕು ಅವರ ಪಕ್ಕದಿಂದಲೇ ಹರಿದುಹೋಯಿತು.

ಅತ್ತೆ ಅದನ್ನು ಎಳೆದುಕೊಂಡರು. ಮೊಸರಿನ ಡಬ್ಬಿಯನ್ನು ಸೆರಗಿನಲ್ಲಿ ಹಾಕಿ ಗಂಟು ಬಿಗಿದರು. ಸೀರೆಯ ಹಿಂದಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಡಬ್ಯಾಡ" ಎಂದರು. ಆಮೇಲೆ ಹೊಳೆಯ ಕಡೆ ತಿರುಗಿ ಕೂಗಿದರು. ಆ ದನಿ ಎಲ್ಲಿತ್ತೋ ಗೊತ್ತಿಲ್ಲ, ಧಬಧಬೆಯ ಮೇಲೆ ಕೇಳಿಸಿತು.

"ಏ, ಇತ್ತಾಗ ನೋಡೋ. ಮಾರಿ ತಿರುವಬ್ಯಾಡ. ನನ್ನ ನೋಡು, ನೋಡಿ ಹಿಡಿ."

ಅಳಿಯನಿಗೆ ಅವರು ಆಡಿದ ಮೊದಲ ಮಾತು ಅದು.

ಡಬ್ಬಿ ಹಾರಿ ಹೋಗಿ ಬಂಡೆಗೆ ಬಡಿಯಿತು. ಅವರು ಹಿಡಿದರು. ಸೀರೆಯನ್ನು ಮುಂಗೈಗೆ ಸುತ್ತಿಕೊಂಡು ಬಂಡೆ ಬಿಟ್ಟರು. ಕೂಡಲೇ ಸೀರೆ ತಂತಿಯ ಹಾಗೆ ಬಿಗಿದು ನಾವಿಬ್ಬರೂ ಒಂದು ಹೆಜ್ಜೆ ಮುಂದೆ ಹೋದೆವು. ಅತ್ತೆ ಕಾಲನ್ನು ಒಂದು ಸೀಳಿಗೆ ಕೊಟ್ಟು ನಿಂತರು. ನಾನು ಹಿಂದೆ, ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕುಕ್ಕರಗಾಲಲ್ಲಿ ಕೂತು ಎಳೆಯುತ್ತಿದ್ದೆ. ಅತ್ತೆಯ ಕೊರಳಿನ ಲಿಂಗದ ಕರಡಿಗೆ ಕುಬುಸದಿಂದ ಹೊರಗೆ ಬಂದು ಎದೆಗೆ ಬಡಿಯುತ್ತಿತ್ತು. ಎಳೆದಷ್ಟೂ ಅವರು ಬರುತ್ತಿದ್ದರು. ಗೇಣು ಗೇಣಾಗಿ, ಆದರೆ ಬರುತ್ತಿದ್ದರು.

ಆಗ ನಾನು ತಲೆಯೆತ್ತಿದೆ. ಆಚೆ ದಂಡೆಯ ಗಂಡಸರು ಎದ್ದು ನಿಂತಿದ್ದರು. ಮೂವರೂ ಫೋನು ತಲೆಯ ಮೇಲೆ ಎತ್ತಿ ಹಿಡಿದಿದ್ದರು, ನಮ್ಮ ಕಡೆಗೆ.

ಆ ಫೋನುಗಳಲ್ಲಿ ಅತ್ತೆ ಹೇಗೆ ಕಾಣುತ್ತಿದ್ದಾರೆಂದು ನನಗೆ ಕಂಡಿತು. ಅದು ಸಂಜೆಯೊಳಗೆ ಮೂಡಲಗಿಯ ಎಲ್ಲರ ಫೋನಿನಲ್ಲಿ, ನನ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹತ್ತರಗಿಯ ಬೀಗರ ಮನೆಯಲ್ಲಿ ಇರುತ್ತದೆಂದು ಕಂಡಿತು. ಹೊಳೆಯಲ್ಲಿದ್ದ ಮನುಷ್ಯ ಕಾಣಲಿಲ್ಲ. ನಾನು ಸೀರೆ ಬಿಟ್ಟೆ. ಜಾರಿಹೋಗಲಿಲ್ಲ, ಬಿಟ್ಟೆ. ಎದ್ದು, ಕೊರಳಿನ ವೇಲ್ ತೆಗೆದು, ಅತ್ತೆಯ ಮುಂದೆ ಹೋಗಿ ಅವರ ಎದೆಗೆ, ಬೆನ್ನಿಗೆ ಸುತ್ತತೊಡಗಿದೆ.

ಅತ್ತೆ ಮುಗ್ಗರಿಸಿದರು. ಮೊಣಕಾಲು ಊರಿ ಬಿದ್ದು ಕಲ್ಲಿನ ಮೇಲೆ ನೀರಿನ ಅಂಚಿನವರೆಗೆ ಜಾರಿಕೊಂಡು ಹೋದರು. ಸೀರೆ ಅವರ ಅಂಗೈಯಲ್ಲಿ ಹಾಯುವ ಸದ್ದು ನನಗೆ ಕೇಳಿಸಿತು. ಅಳಿಯನ ತಲೆ ನೀರೊಳಗೆ ಹೋಯಿತು. ಮತ್ತೆ ಬರಲಿಲ್ಲ. ಮತ್ತೆ ಬಂತು.

"ಕೈ ಹಚ್ಚು," ಎಂದರು ಅತ್ತೆ. ಕೂಗಲಿಲ್ಲ. ಮನೆಯಲ್ಲಿ ಹಂಡೆ ಎತ್ತುವಾಗ ಹೇಳುತ್ತಾರಲ್ಲ, ಹಾಗೆ ಹೇಳಿದರು.

ಮತ್ತೆ ಹಿಡಿದೆ. ಇಬ್ಬರೂ ಎಳೆದೆವು. ಅಳಿಯ ದಂಡೆಗೆ ಬಂದು ಕೆಮ್ಮಿ ನೀರು ಕಾರಿದರು. ಆಮೇಲೆ ಹೊರಳಿ ಬೋರಲು ಮಲಗಿ, ಮುಖವನ್ನು ಕಲ್ಲಿಗೆ ಒತ್ತಿಕೊಂಡರು. ಅತ್ತೆ ಸೀರೆ ಉಟ್ಟು ಮುಗಿಸುವವರೆಗೆ ಹಾಗೆಯೇ ಇದ್ದರು. ಒದ್ದೆ ಸೀರೆ, ಸೆರಗು ಹರಿದಿತ್ತು. ಆ ಹರಿದ ಸೆರಗನ್ನೇ ಅತ್ತೆ ಹಣೆಯವರೆಗೆ ಎಳೆದುಕೊಂಡರು.

"ಅವರಿಗೆ ಕೇಳು, ಪೆಟ್ಟು ಬಿದ್ದೈತೇನ."

ನಾನು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಹಣೆಯಿಂದ ರಕ್ತ ಇಳಿಯುತ್ತಿತ್ತು.

ಹತ್ತಿ ಮೇಲೆ ಬಂದಾಗ ಆಚೆ ದಂಡೆಯ ಗಂಡಸರು ಮೇಲಿನ ಹಾದಿಯಿಂದ ಸುತ್ತಿ ಬಂದು ಕಾರಿನ ಹತ್ತಿರ ನಿಂತಿದ್ದರು. ಕಣಗಲಾ ಎಂಬ ಊರಿನವರಂತೆ, ಬೈಕ್ ಮೇಲೆ ಬಂದಿದ್ದರು. ಏದುಸಿರು ಬಿಡುತ್ತಿದ್ದರು. ನಾನು ಅವರ ಕಡೆ ಹೋಗಿ, ಮಾಡಿದ ವಿಡಿಯೋ ಅಳಿಸಿರಿ ಎಂದೆ. ದನಿ ಗಟ್ಟಿಯಾಗಿಯೇ ಇತ್ತು.

ಅವರಲ್ಲಿ ಹಿರಿಯ ನನ್ನನ್ನು ನೋಡಿದ. "ವಿಡಿಯೋ ಎಲ್ಲಿದು ಅಕ್ಕಾರ? ಫೋನು ಹಚ್ಚಾಕತ್ತಿದ್ವಿ. ಕೊಳ್ಳದಾಗ ರೇಂಜು ಬರಂಗಿಲ್ಲ, ಅದಕ್ಕ ಎತ್ತಿ ಹಿಡದಿದ್ವಿ." ಫೋನು ಮುಂದೆ ಚಾಚಿದ. "ಬೇಕಾದ್ರ ನೀವ ನೋಡ್ರಿ."

ನಾನು ನೋಡಲಿಲ್ಲ.

ಆತ ನನ್ನ ಗಂಡನಿಗೆ ಕಂಡದ್ದನ್ನು ಹೇಳಿದ. ದೂರದಿಂದ ಎಷ್ಟು ಕಂಡಿತ್ತೋ ಅಷ್ಟು. "ಅಜ್ಜಿ ಸೀರಿ ಒಗದ್ರು. ಈ ಅಕ್ಕಾರು ಅಂಥಾದ್ರಾಗೂ ಓಡಿ ಬಂದು ಮೈ ಮುಚ್ಚಿದ್ರು. ನಾವು ಅಲ್ಲಿಂದ ನೋಡಿ ಭೇಷ್ ಅಂದ್ವಿ." ನನ್ನ ಗಂಡ ನನ್ನ ಕೈ ಹಿಡಿದು ಒತ್ತಿದರು. ನಾದಿನಿ ಗಂಡನ ಹಣೆಗೆ ಕರವಸ್ತ್ರ ಹಿಡಿದು ಅಳುತ್ತಿದ್ದವಳು ನನ್ನ ಕಡೆ ನೋಡಿ, "ವೈನಿ, ನೀ ಇದ್ದಿ ಅಂತ ಆತು" ಎಂದಳು. ನಾನು ಆಗ ಹೇಳಬೇಕಿತ್ತು. ಹೇಳುವುದಕ್ಕೆ ಅಲ್ಲಿ ಜಾಗವೂ ಇತ್ತು. ಅತ್ತೆ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಾಗಿತ್ತು. ಅಳಿಯ ಮುಂದಿನ ಸೀಟಿನಲ್ಲಿ, ಕಿಟಕಿಯಾಚೆ ಮುಖ ಮಾಡಿ. ಹುಕ್ಕೇರಿ ತಾಲೂಕಿನ ಕಬ್ಬಿನ ಹೊಲಗಳ ನಡುವೆ ಹಾಯ್ದು ಹತ್ತರಗಿ ಮುಟ್ಟಿದೆವು. ಮೇಲೆ ಎಲ್ಲೋ ಘಟ್ಟದ ಕಡೆ ಹಿಂದಿನ ದಿನ ಜೋರು ಮಳೆಯಾಗಿತ್ತೆಂದು ಹತ್ತರಗಿಯಲ್ಲಿ ಯಾರೋ ಹೇಳಿದರು.

ಬೀಗರ ಮನೆಯ ಮುಂದೆ ಅತ್ತೆ ಇಳಿಯಲಿಲ್ಲ. ಒದ್ದೆ ಹರಿದ ಸೀರೆಯಲ್ಲಿ ಮಗಳ ಅತ್ತೆಯ ಹೊಸ್ತಿಲು ದಾಟುವುದಿಲ್ಲವೆಂದು ಕಾರಿನ ಗಾಜು ಏರಿಸಿ ಕೂತರು. ಬೀಗತಿ, ಎಂದರೆ ಅಳಿಯನ ತಾಯಿ, ತಮ್ಮದೇ ಒಂದು ಸೀರೆ ತಂದು, ಕಾರಿನ ಎರಡೂ ಬಾಗಿಲಿಗೆ ಚಾದರ ಹಿಡಿಸಿ, ಒಳಗೇ ಉಡಿಸಿದರು. ಅತ್ತೆಯ ಅಂಗೈ ನೋಡಿ ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಅರಿಷಿಣ ಕಲಸಿ ತಂದು ಹಚ್ಚಿದರು. ಆಮೇಲೆ ನನ್ನ ಹತ್ತಿರ ಬಂದು ಗಲ್ಲ ಸವರಿ ನೆಟಿಗೆ ಮುರಿದರು.

"ಬೀಗತಿ ಮಾನಾ ಕಾದಿ ಯವ್ವಾ. ಆಕಿ ನನ್ನ ಮಗನ ಜೀವಾ ಉಳಿಸಿದ್ಲು, ನೀ ಆಕಿ ಮಾನಾ ಉಳಿಸಿದಿ."

ಆ ಮಗ ಹತ್ತಿರವೇ ನಿಂತಿದ್ದರು. ನೀರೊಳಗೆ ಹೋದ ತಲೆ ಅವರದು. ನನ್ನ ಕಡೆ ಒಂದು ಸಲ ನೋಡಿ ಒಳಗೆ ಹೋದರು.

ಮೂಡಲಗಿಗೆ ಬರುವಷ್ಟರಲ್ಲಿ ಮಾತು ನಮಗಿಂತ ಮುಂದೆ ಬಂದಿತ್ತು. ಓಣಿಯ ಹೆಂಗಸರು ಮಧ್ಯಾಹ್ನ ಮಧ್ಯಾಹ್ನ ಬಂದು ಕೂತರು. ಅತ್ತೆಗೆ ಮೈ ಹೇಗಿದೆ ಎಂದು ಕೇಳುವರು, ಕೇಳಿ ಒಂದು ನಮೂನೆ ನಗುವರು. ನನಗೆ ಮಾತ್ರ ಬಾಯ್ತುಂಬ ಹೊಗಳಿಕೆ. ಸೊಸೆ ಅಂದರೆ ಹೀಗಿರಬೇಕು, ಓದಿದವಳಾದರೂ ಹೇಗಿದ್ದಾಳೆ ನೋಡು. ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು ಇದನ್ನು ತರಗತಿಯಲ್ಲಿ ಉದಾಹರಣೆಯಾಗಿ ಹೇಳಿದರೆಂದು ಹುಡುಗಿಯರಿಂದ ಗೊತ್ತಾಯಿತು. ಹೆಣ್ಣಿನ ಮೈ, ಕುಟುಂಬದ ಮಾನ, ಇವುಗಳ ಬಗ್ಗೆ ನಾನು ವರ್ಷಕ್ಕೊಮ್ಮೆ ಪಾಠ ಮಾಡುವ ಘಟಕವೊಂದಿದೆ. ಈ ಸಲ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಅತ್ತೆಯ ಅಂಗೈ ಮಾಯಲು ಬಹಳ ದಿನ ಹಿಡಿಯಿತು. ಸೀರೆ ಹಾಯ್ದ ಗುರುತು ಎರಡೂ ಕೈಗೆ ಅಡ್ಡಲಾಗಿ, ಬರೆ ಎಳೆದ ಹಾಗೆ ಉಳಿಯಿತು. ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ, ನಾನು ಬಡಿಯುತ್ತಿದ್ದೆ. ಬಡಿಯುವಾಗ ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಏನೂ ಇಲ್ಲ. ಹಿಡಿದಿದ್ದರೆ ಇರುತ್ತಿತ್ತು.

ಈಗಲೂ ಬಚ್ಚಲಲ್ಲಿ ಕೊಡದಿಂದ ನೀರು ಸುರಿಯುವ ಸದ್ದಿಗೆ ನಾನು ನಿಂತುಬಿಡುತ್ತೇನೆ. ಅಳಿಯನ ತಲೆ ಒಳಗೆ ಹೋಗುತ್ತದೆ. ಬರುವುದಿಲ್ಲ. ಬರುತ್ತದೆ. ಕೆಲವು ಸಲ ಬರುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ.

ಅಳಿಯ ನಮ್ಮ ಮನೆಗೆ ಬರುವುದು ನಿಂತಿತು. ಒಂದೆರಡು ಸಲ ಸಾಮಾನು ಕೊಟ್ಟುಹೋಗಲು ಬಂದವರು ಗೇಟಿನ ಹೊರಗೇ ನಿಂತರು. ಅವರ ದನಿ ಕೇಳಿದ ಕೂಡಲೇ ಅತ್ತೆ ಹಿತ್ತಿಲಿಗೆ ಹೋಗುತ್ತಿದ್ದರು. ಅಡುಗೆಮನೆಯ ಬಾಗಿಲವರೆಗೂ ಬರುತ್ತಿರಲಿಲ್ಲ. ಚಹಾ ಕುಡಿಯುತ್ತಾರೇನು ಎಂದು ಕೇಳಲು ಯಾರೂ ಹೇಳುತ್ತಿರಲಿಲ್ಲ. ನನಗೆ ಕೆಲಸವೇ ಉಳಿಯಲಿಲ್ಲ. ಕುಬುಸದ ಕಾರ್ಯಕ್ಕಾದರೂ ಬರುತ್ತಾರೋ ಇಲ್ಲವೋ ಎಂದು ನಾದಿನಿ ಫೋನಿನಲ್ಲಿ ಅಳುತ್ತಿದ್ದಳು. ಬಸುರಿಯ ಪಕ್ಕದಲ್ಲಿ ಗಂಡ ಕೂತು ಆಯೇರಿಯ ಬಟ್ಟೆ ಉಡುಗೊರೆ ಪಡೆಯದಿದ್ದರೆ ಬೀಗರಲ್ಲಿ ಏನೆಲ್ಲ ಮಾತು ಹುಟ್ಟುತ್ತವೆಂದು ನಮಗೆಲ್ಲ ಗೊತ್ತಿತ್ತು.

ಬಂದರು. ಹೆಂಡತಿಯ ಪಕ್ಕದ ಮಣೆಯ ಮೇಲೆ ಕೂತರು. ಹಸಿರು ಸೀರೆ, ಹಸಿರು ಬಳೆಯಲ್ಲಿ ನಾದಿನಿ ಹೊಳೆಯುತ್ತಿದ್ದಳು. ಆರತಿ ಎತ್ತುವಾಗ ಅತ್ತೆ ಮಗಳ ಮುಖವನ್ನಷ್ಟೇ ನೋಡಿದರು, ಅಳಿಯ ಆರತಿಯ ತಾಟನ್ನಷ್ಟೇ ನೋಡಿದರು. ಮುಗಿದ ಮೇಲೆ ಹೆಂಗಸರೆಲ್ಲ ನಡುಮನೆಯಲ್ಲಿ ಹರಟೆಗೆ ಕೂತರು. ನಾನು ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದೆ. ಅತ್ತೆ ಮೂಲೆಯಲ್ಲಿ ಕೂತು ಉಡಿಯ ಸಾಮಾನು ಕಟ್ಟುತ್ತಿದ್ದರು.

ಬೀಗರ ಕಡೆಯ ಒಬ್ಬ ಮುದುಕಿ ಅತ್ತೆಯ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಬೀಗತಿ, ಅಳಿಯಗ ಈ ಸಲ ಏನ ಆಯೇರಿ ಮಾಡಿದಿ? ಇನ್ನೇನ ಮಾಡ್ತಿ ಬಿಡು, ಉಟ್ಟ ಸೀರಿನ ಕೊಟ್ಟಾಕಿ."

ನಗೆ ಎದ್ದಿತು. ಅತ್ತೆಯ ಕೈ ನಿಲ್ಲಲಿಲ್ಲ, ಆದರೆ ಅದೇ ಗಂಟನ್ನು ಎರಡು ಸಲ ಕಟ್ಟಿದರು.

"ಆಕಿಗೆ ನಾಚಿಕಿ ಇಲ್ಲದಿದ್ರೂ ಸೊಸಿಗೆ ಇತ್ತಲ್ಲ," ಎಂದರು ಇನ್ನೊಬ್ಬ ಹೆಂಗಸು, ಪ್ರೀತಿಯಿಂದಲೇ. "ಹೊಳ್ಯಾಗೂ ಅತ್ತಿ ಮಾನಾ ಕಾದ್ಲು."

ಎಲ್ಲರೂ ನನ್ನನ್ನು ನೋಡಿದರು.

"ನಾ ಕೈ ಬಿಟ್ಟೆ," ಎಂದೆ. ದನಿ ಸಣ್ಣದಾಗಿತ್ತು, ಮತ್ತೊಮ್ಮೆ ಹೇಳಬೇಕಾಯಿತು. "ಮುಚ್ಚಾಕ ಹೋಗಿ ಸೀರಿ ಬಿಟ್ಟೆ. ಅದಕ್ಕ ಅಣ್ಣಾರು ಮುಳುಗಿದ್ರು. ಅತ್ತಿ ಒಬ್ಬಾಕಿನ ಹಿಡದಿದ್ರು. ಅವರ ಕೈ ನೋಡ್ರಿ, ನನ್ನ ಕೈ ನೋಡ್ರಿ."

ಅಳಿಯನ ತಾಯಿ ನನ್ನನ್ನು ನೋಡುತ್ತಲೇ ಇದ್ದರು. ಅವರ ಮುಖ ಬದಲಾದದ್ದನ್ನು ನಾನು ಕಂಡೆ, ಅದನ್ನು ಇಲ್ಲಿ ಬರೆಯಲಾರೆ. ಮುದುಕಿಯೇ ಕೊನೆಗೆ, "ಇರ್ಲಿ ಬಿಡವಾ, ಗಾಬರ್ಯಾಗ ಆಗತೈತಿ" ಎಂದರು.

"ಗಾಬರಿ ಅಲ್ಲ ಅದು," ಎಂದರು ಅತ್ತೆ. ಗಂಟಿನಿಂದ ತಲೆಯೆತ್ತದೆ ಹೇಳಿದರು. "ನನಗ ಆಗ ಗೊತ್ತಾಗೈತಿ, ಹಿಂದ ಎಳತ ಇಲ್ಲಂತ. ಬಿಡಬಾರದಿತ್ತು."

ಅಷ್ಟೇ. ಸಮಾಧಾನದ ಒಂದು ಮಾತು ಬರುತ್ತದೆಂದು ಕಾದೆ, ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೋಗು, ಕಟ್ಟಿನ ಸಾರು ಉಕ್ಕಾಕತ್ತೈತಿ" ಎಂದರು. ನಾನು ಹೋದೆ. ನಿಜವಾಗಿಯೂ ಉಕ್ಕುತ್ತಿತ್ತು.

ಊಟಕ್ಕೆ ಗಂಡಸರ ಪಂಕ್ತಿ ಪಡಸಾಲೆಯಲ್ಲಿ. ಅಳಿಯ ತಮ್ಮ ತಾಟು ಎತ್ತಿಕೊಂಡು ಎಲ್ಲರಿಂದ ದೂರ, ತಲೆಬಾಗಿಲ ಹತ್ತಿರ, ನಡುಮನೆಗೆ ಬೆನ್ನು ಮಾಡಿ ಕೂತರು. ಅದೇ ಬೆನ್ನು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಹಿಂದೆ ಅತ್ತೆ ಬಂದು ನಿಂತದ್ದು ಗೊತ್ತಾಯಿತು. ಅವರೂ ಅದನ್ನೇ ನೋಡುತ್ತಿದ್ದರು.

"ಅವರಿಗೆ ಹೇಳು, ಈ ಕಡಿ ಮಾರಿ ಮಾಡಿ ಕುಂತು ಉಣ್ಣಾಕ."

ಆ ಮಾತು ಅಲ್ಲಿಯವರೆಗೆ ಕೇಳಿಸಿತ್ತು. ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತ್ತು. ಆದರೂ ಅವರು ಹೊರಳಲಿಲ್ಲ, ನಾನು ಬರಲೆಂದು ಕಾದರು. ನಾನು ಪಡಸಾಲೆ ದಾಟಿ ಹೋಗಿ ಅವರ ಪಕ್ಕದಲ್ಲಿ ನಿಂತೆ.

"ಅಣ್ಣಾರ, ಈ ಕಡಿ ತಿರುಗಿ ಕುಂಡ್ರಬೇಕಂತ."

ಅವರು ತಾಟು ಎತ್ತಿಕೊಂಡು ತಿರುಗಿ ಕೂತರು. ಹಣೆಯ ಗಾಯ ಬೆಳ್ಳಗಾಗಿತ್ತು. ಅತ್ತೆ ತುಪ್ಪದ ಗಿಂಡಿ ಹಿಡಿದು ಹೊರಗೆ ಬಂದರು. ಸೆರಗು ಹಣೆಯ ಮೇಲೇ ಇತ್ತು. ಬಗ್ಗಿ ಬಡಿಸುವಾಗ ಅವರ ಅಂಗೈ ಮೇಲ್ಮುಖವಾಯಿತು. ಅಳಿಯ ಅದನ್ನು ನೋಡಿದರು. ಈ ಸಲ ಮುಖ ತಿರುಗಿಸಲಿಲ್ಲ.

ಅತ್ತೆಯ ಹಿಂದೆ ನಾನು ಹೋಳಿಗೆಯ ತಾಟು ಹಿಡಿದು ನಿಂತಿದ್ದೆ. ಭಾರವೇನೂ ಇರಲಿಲ್ಲ. ಆದರೂ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ.